ಎಲ್ಲ ಮನಸ್ಸಿನಲ್ಲೇ ಇದೆ ಎಂದಿರಲ್ಲ

ಸ್ತ್ರೀರೋಗ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಮೂರು ಗರ್ಭಗಳು ನಿಲ್ಲದೆ ಹೋದದ್ದಕ್ಕೆ ನೀವು ಒಂದೇ ವಾಕ್ಯದಲ್ಲಿ ಕಾರಣ ಹೇಳಿ ಕೈತೊಳೆದುಕೊಂಡಿರಿ. ನಿಮಗೆ ಕನ್ನಡ ಬಾರದೆಂದು ಗೊತ್ತಿದ್ದೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಯಾರಿಂದಾದರೂ ಓದಿಸಿ ಕೇಳಿ. ನಿಮ್ಮ ಮರಾಠಿ ನಮ್ಮ ಮನೆ ಹೊಕ್ಕ ಮೇಲೆ ಆದ ಅನಾಹುತವೆಲ್ಲ ಕನ್ನಡದಲ್ಲೇ ಆದದ್ದು.

ನಾವು ಬೀದರ್ ಕಡೆಯವರು. ನಾಸಿಕ್ ರೋಡ್‌ನಲ್ಲಿ ನನ್ನ ಗಂಡ ರವಿಕಾಂತ ಅವರದು ಬಟ್ಟೆ ಅಂಗಡಿ. ಮೂರನೆಯದೂ ಹೋದ ಮೇಲೆ ನನ್ನನ್ನು, ಅವರನ್ನು, ಅತ್ತೆ ಪ್ರೇಮಾಬಾಯಿಯವರನ್ನು ಎದುರು ಕೂರಿಸಿಕೊಂಡು ಹೇಳಿದಿರಿ: "ಶರೀರಾತ್ ಕಾಹೀ ನಾಹೀ, ಸಗಳಂ ಮನಾತ್ ಆಹೇ." ದೇಹದಲ್ಲಿ ಏನೂ ಇಲ್ಲ, ಎಲ್ಲ ಮನಸ್ಸಿನಲ್ಲಿದೆ. ಚಿಂತೆ ಬಿಡು ಎಂಬುದು ನಿಮ್ಮ ಅಭಿಪ್ರಾಯವಿದ್ದೀತು. ಮರಾಠಿ ಅರ್ಧಂಬರ್ಧ ಬರುವ ಅತ್ತೆ ತಿಳಿದುಕೊಂಡದ್ದೇ ಬೇರೆ. ರಿಕ್ಷಾದಲ್ಲೇ ಶುರುವಾಯಿತು: "ಡಾಕ್ಟರೇ ಹೇಳ್ಯಾರ. ಇಕಿ ಮನಸ್ಸಿನ್ಯಾಗ ಏನೋ ಇಟ್ಕೊಂಡಾಳ. ಇಕಿಗಿ ಕೂಸು ಬ್ಯಾಡಾಗ್ಯಾದ!"

ಈ ಮಾತು ನೆಂಟರಿಷ್ಟರ ಬಾಯಿಗೆಲ್ಲ ಬಿತ್ತು. ಅತ್ತೆಯ ಮಾತನ್ನು ಹೇಗೋ ನುಂಗಿಕೊಂಡೆ. ಆದರೆ ಎರಡನೆಯ ಗರ್ಭ ಹೋದಾಗ ನನಗಿಂತ ಹೆಚ್ಚು ಅತ್ತಿದ್ದ ರವಿಕಾಂತ ಒಂದು ದಿನ ಊಟಕ್ಕೆ ಕುಳಿತು, ತಲೆ ಎತ್ತದೆ ಕೇಳಿದರು: "ಖರೇ ಹೇಳು, ನಿನಗ ಕೂಸು ಬೇಕಾಗಿತ್ತೇನು?" ಬಡಿಸುವುದನ್ನು ಅಲ್ಲಿಗೇ ಬಿಟ್ಟು ಒಳಗೆ ಹೋದೆ. ಅದೂ ನನ್ನ ವಿರುದ್ಧವೇ ಸಾಕ್ಷಿಯಾಯಿತು.

ಛತ್ರಪತಿ ಸಂಭಾಜಿನಗರದಲ್ಲಿರುವ ಅಕ್ಕ ನೀರಜಾ ಬಂದು, ನಮ್ಮಿಬ್ಬರನ್ನೂ ಅಲ್ಲಿಯ ವೈದ್ಯೆಯೊಬ್ಬರ ಬಳಿ ಕರೆದೊಯ್ದಳು. ಅವರು ಇಬ್ಬರ ರಕ್ತವನ್ನೂ ತೆಗೆದರು. ಗಂಡನದು ಸರಿಯಿತ್ತು. ನನ್ನ ರಕ್ತ ಬೇಗ ಹೆಪ್ಪುಗಟ್ಟುತ್ತದಂತೆ. ಕೂಸಿಗೆ ಆಹಾರ ಒಯ್ಯುವ ಸಣ್ಣ ನಾಳಗಳೇ ಕಟ್ಟಿಕೊಳ್ಳುತ್ತವಂತೆ. ತಿಂಗಳುಗಳು ಕಳೆದು ಮತ್ತೆ ಪರೀಕ್ಷಿಸಿದಾಗಲೂ ಅದೇ ಬಂತು. ಮುಂದಿನ ಬಸಿರಿನಲ್ಲಿ ಕೊಡಲು ಗುಳಿಗೆ, ಸೂಜಿ ಎರಡೂ ಇವೆ ಎಂದರು.

ಮಾನ್ಯರೇ, ಈ ಪರೀಕ್ಷೆ ಬರೆದುಕೊಡಲು ನಿಮ್ಮ ಪೆನ್ನಿನಲ್ಲಿ ಶಾಯಿ ಇರಲಿಲ್ಲವೇ? ಅಥವಾ ಹೆಣ್ಣಿನ ಮನಸ್ಸಿನ ಮೇಲೆ ಹಾಕಿಬಿಟ್ಟರೆ ತಾಪತ್ರಯ ಕಡಿಮೆ ಎಂದೇ? ಹೋಗಲಿ, ಆ ಮನಸ್ಸನ್ನಾದರೂ ನೋಡಿದಿರಾ? ಪ್ರತಿ ಸಲವೂ ನನ್ನನ್ನು ಮಲಗಿಸಿದ್ದು ಬಾಣಂತಿಯರ ವಾರ್ಡಿನಲ್ಲಿ. ಪಕ್ಕದ ಮಂಚದ ಕೂಸು ಅತ್ತಾಗ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಹೇಗಿದ್ದೀ ಎಂದು ಒಬ್ಬರೂ ಕೇಳಲಿಲ್ಲ. ನಿದ್ದೆ ಹೋದದ್ದು, ಚಿಂತೆ ಹತ್ತಿದ್ದು ಆಮೇಲೆ. ಅದನ್ನೇ ನೀವು ಹಿಂದುಮುಂದು ಮಾಡಿ ಕಾರಣ ಎಂದುಬಿಟ್ಟಿರಿ.

ಇನ್ನು ಮೇಲೆ ಮತ್ತೆ ಮತ್ತೆ ಗರ್ಭ ಕಳೆದುಕೊಂಡವಳು ನಿಮ್ಮೆದುರು ಕುಳಿತರೆ, ಗಂಡ ಹೆಂಡತಿ ಇಬ್ಬರನ್ನೂ ಪರೀಕ್ಷಿಸಿ. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲವಂತೆ. ಆಗ ಗೊತ್ತಿಲ್ಲ ಎನ್ನಿ, ನಿಮ್ಮ ಪದವಿಗೇನೂ ಕುಂದಾಗದು. ಅವಳ ಸಂಕಟ ಕೇಳಲು ಒಬ್ಬರನ್ನು ನೇಮಿಸಿ. ಬಾಣಂತಿಯರ ನಡುವೆ ಮಲಗಿಸಬೇಡಿ.

ವರದಿ ನೋಡಿದ ರವಿಕಾಂತ, "ಹೋಗ್ಲಿ ಬಿಡು, ಔಷಧ ಸಿಕ್ಕಾದಲ್ಲ, ಮತ್ತ ನೋಡೂಣು" ಅಂದರು. ನನ್ನ ರಕ್ತಕ್ಕೆ ಔಷಧವಿದೆ, ಒಪ್ಪಿದೆ. ಆ ಪ್ರಶ್ನೆ ಕೇಳಿದ ಗಂಡನನ್ನು ಮತ್ತೆ ನಂಬುವುದಕ್ಕೆ ನಿಮ್ಮ ಯಾವ ವಾರ್ಡಿಗೆ ಬಂದು ಸೇರಲಿ, ದಯವಿಟ್ಟು ತಿಳಿಸಿ.

ಇಂತಿ,
ತನಗೆ ಕೂಸು ಬೇಕಾಗಿತ್ತೆಂದು ವರದಿ ತೋರಿಸಿ ನಂಬಿಸಬೇಕಾಗಿ ಬಂದವಳು,
ರುಚಿತಾ, ನಾಸಿಕ್ ರೋಡ್