ಆಮ್ಲಜನಕದ ಕಾಲಿಗೆ ಕಟ್ಟಿದ ಎರಡು

ಕಮರಿಪೇಟೆ, ಹುಬ್ಬಳ್ಳಿ
೧೦-೯-೧೯೬೪

ಮಾನ್ಯ ಅಧ್ಯಕ್ಷರೇ, ವಿಜ್ಞಾನದ ವಿದ್ವಾಂಸರೇ, ಹಾಗೂ ಈ ಸಭೆಯ ಏಕೈಕ ಶ್ರೋತೃವೂ ನನ್ನ ಹೆಂಡತಿಯೂ ಆದ ಚಿ. ಸೌ. ಸುಲಭಾ ಅವರೇ,

ನಿನ್ನ ಕಾರ್ಡು ಇವತ್ತು ಮಧ್ಯಾಹ್ನ ಮುಟ್ಟಿತು. ಜೂನಿನಲ್ಲಿ ನೀನು ಟ್ರಂಕು ಎತ್ತಿಕೊಂಡು ಧಾರವಾಡದ ಸಾಲಿಗೆ ವಿಜ್ಞಾನ ಕಲಿಸಲು ಹೋದ ಮೇಲೆ ಬಂದ ಮೊದಲ ಕಾರ್ಡು. ನೌಕರಿ ಬಿಡು ಅಂದವನು ನಾನು, ಬಿಡೂದಿಲ್ಲ ಅಂದವಳು ನೀನು. ಆಮೇಲೆ ಇಬ್ಬರೂ ಮೌನದಲ್ಲಿ ಪದವೀಧರರು.

ಹೋದ ವಾರದ ನನ್ನ ಪತ್ರದ ಸಂಗತಿಯನ್ನು ಸಭೆಯ ನಡಾವಳಿಗಾಗಿ ಮತ್ತೊಮ್ಮೆ ಓದುತ್ತೇನೆ. ನಮ್ಮ ವಿಜ್ಞಾನದ ಮಾಸ್ತರರು ದೀರ್ಘ ರಜೆ ಹಾಕಿದರು. ಹೆಡ್‌ಮಾಸ್ತರ ಶಾಂತಯ್ಯನವರು ಕನ್ನಡ ಕಲಿಸುವ ನನ್ನನ್ನೇ ಹಿಡಿದರು: ಅದೂ ಅಕ್ಷರ, ಇದೂ ಅಕ್ಷರ, ತಗೋರಿ ಮಾಸ್ತರ. ಪ್ರಾಸ ಕೂಡಿತು, ನಾನು ಸೋತೆ.

ಮೊದಲ ದಿನವೇ ಜಲಜನಕ, ಆಮ್ಲಜನಕ ಕೂಡಿಸಿ ಬೋರ್ಡಿನ ಮೇಲೆ ನೀರು ಮಾಡಬೇಕಾಯಿತು. ಎಡಗಡೆ ಆಮ್ಲಜನಕ ಎರಡು, ಬಲಗಡೆ ನೀರಿನಲ್ಲಿ ಒಂದೇ. ಪಾಪ ಅನ್ನಿಸಿ, ನೀರಿನ ಆಮ್ಲಜನಕದ ಕಾಲಿಗೂ ಸಣ್ಣದೊಂದು ಎರಡರ ಅಂಕಿ ಕಟ್ಟಿ ಹಾಡಿದೆ: ಆ ಕಡೆ ಎರಡು, ಈ ಕಡೆ ಎರಡು, ಲೆಕ್ಕ ಮುಗಿಯಿತು, ಮನೆಗೆ ಹೊರಡು.

ಮುಂದಿನ ಬೆಂಚಿನ ದುರಗವ್ವ ಎದ್ದು ನಿಂತಳು. ಆಕೆಯ ಅವ್ವ ದವಾಖಾನೆಯಲ್ಲಿ ನರ್ಸು. ಸರ, ಇದು ನೀರಲ್ರಿ, ಕಿವ್ಯಾಗ ಹಾಕೂ ಔಷಧರಿ, ಬುರುಬುರು ನೊರಿ ಬರತೈತಲ್ರಿ, ಅದು. ಕುಡದ್ರ ಮನಿಗೆ ಹೊರಡಾಕ ಆಗೂದಿಲ್ರಿ, ದವಾಖಾನಿಗೆ ಹೊರಡಬೇಕ್ರಿ ಅಂದಳು. ಇಡೀ ವರ್ಗ ನಕ್ಕಿತು. ಈ ನೀರನ್ನು ಹೇಗೆ ಉಳಿಸಲಿ ಎಂದು ನಿನಗೆ ಬರೆದೆ.

ನಿನ್ನ ಕಾರ್ಡಿನಲ್ಲಿ ಕ್ಷೇಮಸಮಾಚಾರವಿಲ್ಲ, ಪೂರಾ ಪಾಠ. ಕೆಳಗಿನ ಅಂಕಿ ಮುಟ್ಟಬ್ಯಾಡ್ರಿ, ಮುಟ್ಟಿದ್ರ ಪದಾರ್ಥನ ಬ್ಯಾರೆ ಆಗತೈತಿ; ನೀರಿನ ಎಡಕ್ಕ ದೊಡ್ಡ ಎರಡು ಹಾಕ್ರಿ, ಜಲಜನಕದ ಎಡಕ್ಕೂ ಹಂಗ ಹಾಕ್ರಿ. ಅಷ್ಟು ಬರೆದು, ಅಂಚಿನಲ್ಲಿ ಇರುವೆಗಳ ಸಾಲಿನಂಥ ಸಣ್ಣ ಅಕ್ಷರದಲ್ಲಿ: ಇಲ್ಲಿ ಖೋಲಿ ಸಣ್ಣದು, ಇಬ್ಬರಿಗೆ ಸಾಲತೈತಿ.

ಆ ಅಂಚು ಓದಿ ಕಟ್ಟೆಯ ಮೇಲೆ ಕೂತುಬಿಟ್ಟೆ. ಎದೆಯ ಮೇಲಿದ್ದ ಬೀಸುಕಲ್ಲನ್ನು ಯಾರೋ ಎತ್ತಿ ಕೆಳಗಿಟ್ಟಂತಾಯಿತು. ನೌಕರಿ ಬಿಡು ಅಂದಾಗ ನಾನು ನಿನ್ನ ಕೆಳಗಿನ ಅಂಕಿಗೇ ಕೈ ಹಾಕಿದ್ದೆ, ಸುಲಭಾ. ಇನ್ನು ಮುಟ್ಟೂದಿಲ್ಲ. ಭಾನುವಾರ ಹಾಸಿಗೆ ಸುತ್ತಿಕೊಂಡು ಬರತೇನಿ. ನನ್ನ ಸಾಲಿಗೆ ದಿನಾ ಅಲ್ಲಿಂದಲೇ ರೈಲಿನಲ್ಲಿ ಓಡಾಡಿದರಾಯಿತು.

ನಿನ್ನ
ಮಡಿವಾಳಪ್ಪ

ತಾ.ಕ.: ಸಭೆ ಮುಗಿಯಿತು, ಖರೇ ಹೇಳತೇನಿ. ದುರಗವ್ವ ಆವತ್ತೇ ಬೋರ್ಡಿಗೆ ಬಂದು ಎರಡನ್ನು ಅದರ ಜಾಗಕ್ಕೆ ಇಟ್ಟಿದ್ದಳು. ಉತ್ತರ ನನಗೆ ಗೊತ್ತಿತ್ತು. ಯಾವ ನೆವಕ್ಕಾದರೂ ನೀನು ನನಗೆ ಬರೆಯಲಿ ಅಂತ ಕೇಳಿದೆ.