ಕರೆತಂದವರ ಹೆಸರು

ಮನೆಯಿಂದ, ಒಂಬತ್ತನೇ ತಾರೀಕು, ಭಾನುವಾರ ಮಧ್ಯಾಹ್ನ

ನನ್ನ ಮೊಂಡ ತಮ್ಮಾ,

ಹೇಗಿದ್ದೀಯ? ತುಟಿಯ ಹೊಲಿಗೆ ಗುರುತು ಮಾಸಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯ ತಾನೆ? ಫೋನ್ ಮಾಡಿದಾಗಲೆಲ್ಲ "ಭಾವ ಹೇಗಿದಾರೆ?" ಎಂದು ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಡುತ್ತೀಯ. ಕಾಗದವಾದರೆ ಅರ್ಧಕ್ಕೇ ಇಡಲು ಮನಸ್ಸಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂತು ಓದು.

ನಿನ್ನ ಭಾವ ಚೆನ್ನಾಗಿದ್ದಾರೆ. ಇದು ನಿನ್ನ ಸಮಾಧಾನಕ್ಕೆ ಹೇಳುವ ಮಾತಲ್ಲ. ಅಂಗಿಯ ಗುಂಡಿಗಳನ್ನು ಈಗ ತಾವೇ ಹಾಕಿಕೊಳ್ಳುತ್ತಾರೆ, ಮೇಲಿನದೊಂದನ್ನು ಬಿಟ್ಟು. ಆ ಒಂದಕ್ಕೆ ಮಾತ್ರ ನನ್ನ ಮುಂದೆ ಕತ್ತು ಚಾಚಿ ನಿಲ್ಲುತ್ತಾರೆ. ಅದೂ ಬರುತ್ತದೇನೋ, ಬೇಕೆಂದೇ ಬಿಟ್ಟಿದ್ದಾರೇನೋ ಎಂದು ನನಗೆ ಒಳಗೊಳಗೇ ಅನುಮಾನ. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವಾಕೆಗೆ ಇವರು ಟೀಚರಮ್ಮ ಎಂದು ಹೆಸರಿಟ್ಟಿದ್ದಾರೆ. ದಿನಾ ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈಯನ್ನು ಮೇಲಕ್ಕೆ ಒಯ್ಯಬೇಕೆಂದು ಆಕೆಯ ಅಪ್ಪಣೆ. ಅಡುಗೆಮನೆ ಬಾಗಿಲ ಪಕ್ಕ ನಮ್ಮ ಪುಟ್ಟಿಯ ಎತ್ತರ ಗುರುತು ಹಾಕುತ್ತೇವಲ್ಲ, ಅಲ್ಲೇ ಈಗ ಅಪ್ಪನ ಗೆರೆಗಳೂ ಸೇರಿವೆ. ಪೆನ್ಸಿಲ್ ಮಗಳ ಕೈಯಲ್ಲಿ. ಹಿಮ್ಮಡಿ ಎತ್ತಿದರೆ ಲೆಕ್ಕಕ್ಕಿಲ್ಲ ಎಂದು ಅಪ್ಪನನ್ನೇ ಗದರುತ್ತಾಳೆ. ಹೋದ ವಾರ ಅವರ ಬೆರಳು ಅವಳ ಗೆರೆಯನ್ನು ದಾಟಿತು. ಇಬ್ಬರೂ ಸೇರಿ ಸೂರು ಹಾರಿಹೋಗುವಂತೆ ಕೂಗಿದರು. ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ, ಸಂತೋಷಕ್ಕೆ.

ನಿನಗೆ ಗೊತ್ತಿಲ್ಲದ ಒಂದು ವಿಷಯವಿದೆ. ಅವತ್ತು ಸರ್ಕಲ್ಲಿನಲ್ಲಿ ಆ ಬ್ರೆಡ್ಡಿನ ವ್ಯಾನು ನೀನು ಓಡಿಸುತ್ತಿದ್ದ ಆಂಬುಲೆನ್ಸಿಗೆ ಗುದ್ದಿತಲ್ಲ, ಹಿಂದೆ ರೋಗಿಯ ಪಕ್ಕದಲ್ಲಿದ್ದ ಇವರ ಬಲ ಹೆಗಲು ಕಪಾಟಿಗೆ ಬಡಿದಿತ್ತು. ಅಭ್ಯಾಸಬಲ ನೋಡು, ಎದ್ದವರೇ ಇನ್ನೊಂದು ಗಾಡಿ ತರಿಸಿ, ಎಲ್ಲರನ್ನೂ ಆಸ್ಪತ್ರೆಗೆ ಸೇರಿಸಿ, ದಾಖಲಾತಿ ಚೀಟಿ ಬರೆಯಲು ಕೂತರು. ರೋಗಿ ಅಜ್ಜನಿಗೊಂದು, ವ್ಯಾನಿನವನಿಗೊಂದು, ನಿನಗೊಂದು. ತಮ್ಮ ಹೆಸರನ್ನು ಮೂರರಲ್ಲೂ ಎಂದಿನಂತೆ "ಕರೆತಂದವರು" ಎಂಬ ಸಾಲಿನಲ್ಲಿ ಬರೆದು, ಮನೆಗೆ ಬಂದು ಕಾಫಿ ಕುಡಿದರು. ಹದಿನಾರು ವರ್ಷ ಅದೇ ಸಾಲಿನಲ್ಲಿ ಬರೆದವರಿಗೆ, ಗಾಯಾಳುವಿನ ಸಾಲು ತಮಗೂ ಇದೆಯೆಂದು ಹೊಳೆಯಲೇ ಇಲ್ಲ. ಮೂರನೇ ವಾರ ಲೋಟ ಕೈಜಾರಿ ಬಿದ್ದಾಗ ನಾನೇ ಎಳೆದುಕೊಂಡು ಹೋದೆ. ಡಾಕ್ಟರು ಮೊದಲ ದಿನದ ಚೀಟಿ ಕೇಳಿದರು. ಇವರದೆಂಬ ಚೀಟಿ ಇದ್ದರಲ್ಲವೇ ಕೊಡುವುದು? ಹೆಗಲ ಹತ್ತಿರ ನರ ಎಳೆದಿದೆ, ಆಗಲೇ ಬಂದಿದ್ದರೆ ಕೈ ಇಷ್ಟು ಬಿಗಿಯುತ್ತಿರಲಿಲ್ಲ ಎಂದರು. ರೋಗಿಗಳಿಗೆಲ್ಲ "ನೋವಿಲ್ಲ ಅಂತ ಸುಮ್ನಾಗ್ಬೇಡಿ, ಮತ್ತೆ ಬಂದು ತೋರಿಸಿ" ಎಂದು ಪಾಠ ಹೇಳುತ್ತಿದ್ದ ಮನುಷ್ಯ ತಲೆ ತಗ್ಗಿಸಿ ಕೂತಿದ್ದರು. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಹೊರಡುವಾಗ ನೀನು "ಭಾವ, ಬೆಲ್ಟ್ ಹಾಕ್ಕೊಳಿ" ಅಂದಿದ್ದೆಯಂತೆ. ಅಜ್ಜನ ಮೂಗಿನ ಮಾಸ್ಕ್ ಹಿಡಿಯಬೇಕಿತ್ತೆಂದು ಇವರೇ ಹಾಕಿಕೊಳ್ಳಲಿಲ್ಲವಂತೆ. ಸರ್ಕಲ್ಲಿನಲ್ಲಿ ನೀನು ನಿಧಾನ ಮಾಡಿದೆ, ಹೋಗು ಹೋಗು ಎಂದವರು ತಾವೇ ಎಂದು ವಿಚಾರಣೆಗೆ ಬಂದವರಿಗೂ ಹೇಳಿದ್ದಾರೆ. ಆ ಅಜ್ಜ ಗಟ್ಟಿಯಾಗಿದ್ದಾರೆ, ಆಸ್ಪತ್ರೆಯಲ್ಲಿ ಸಿಕ್ಕಾಗ ಮೊದಲು ನಿನ್ನನ್ನೇ ಕೇಳುತ್ತಾರೆ. ನೀನೊಬ್ಬ ಮಾತ್ರ ತಪ್ಪನ್ನೆಲ್ಲ ಹೊತ್ತುಕೊಂಡು, ಸ್ಟೇರಿಂಗ್ ಬಿಟ್ಟು, ಬೇರೆ ಊರಿನ ಗೋದಾಮಿನಲ್ಲಿ ಡಬ್ಬ ಜೋಡಿಸುತ್ತಾ ಕೂತಿದ್ದೀಯ. ಮೂರು ವಾರಕ್ಕೆ ಮತ್ತೆ ಬರಬೇಕೆಂದು ನಿನ್ನ ಚೀಟಿಯಲ್ಲಿ ಬರೆದಿತ್ತು. ಚೀಟಿ ಇಲ್ಲದವರು ತಪ್ಪದೆ ಹೋಗುತ್ತಿದ್ದಾರೆ, ಚೀಟಿ ಇರುವವನು ನಾಪತ್ತೆ. ತಲೆನೋವು ಬಂದಾಗ ಹಗಲಲ್ಲೇ ಕಿಟಕಿ ಮುಚ್ಚಿ ಮಲಗುತ್ತೀಯಂತೆ. ನಿನ್ನ ರೂಮಿನವನು ಬಾಯಿಬಿಟ್ಟ, ಅವನ ಮೇಲೆ ರೇಗಬೇಡ.

ಇಪ್ಪತ್ತನೇ ತಾರೀಕು ಗುರುವಾರ ಇವರ ಕೈ ನೋಡಿ, ಗಾಡಿಯ ಕೆಲಸಕ್ಕೆ ಮರಳಬಹುದೋ ಇಲ್ಲವೋ ಹೇಳುತ್ತಾರೆ. ನನಗೆ ಹೆದರಿಕೆ ಇಲ್ಲವೆಂದರೆ ಸುಳ್ಳಾದೀತು. ಆದರೂ ಮನೆಯಲ್ಲಿ ನಗು ವಾಪಸು ಬಂದಿದೆ, ನನಗೆ ಸದ್ಯಕ್ಕೆ ಅಷ್ಟು ಸಾಕು. ಪುಟ್ಟಿ ಮಾವನ ಎತ್ತರವನ್ನೂ ಗೋಡೆಯ ಮೇಲೆ ಬರೆಯಬೇಕಂತೆ. ನೂರು ವರ್ಷ ಚೆನ್ನಾಗಿರು, ಅಷ್ಟರೊಳಗೆ ಒಂದು ದಿನವಾದರೂ ಅಕ್ಕನ ಮಾತು ಕೇಳು.

ನಿನ್ನ
ಅಕ್ಕ

ತಡೆ, ಇನ್ನೊಂದು: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಭಾವ ಗುರುವಾರದ ಚೀಟಿಗಳನ್ನು ತಂದು ತೋರಿಸಿದರು. ಎರಡಿವೆ. ಹತ್ತೂವರೆಗೆ ಅವರದು, ಹನ್ನೊಂದಕ್ಕೆ ನಿನ್ನದು. ನಿನ್ನ ಚೀಟಿಯಲ್ಲಿ ಕರೆತಂದವರು ಅವರು. ಅವರ ಚೀಟಿಯಲ್ಲಿ ಕರೆತಂದವನು ನೀನು. ಉಳಿದದ್ದನ್ನೆಲ್ಲ ಪುಟ್ಟಿಯ ಕೈಲಿ ಬರೆಸಿ, ನಿನ್ನ ಹೆಸರೊಂದನ್ನು ಮಾತ್ರ ತಾವೇ ಬರೆದಿದ್ದಾರೆ, ಬಲಗೈಯಲ್ಲಿ. ಅಕ್ಷರ ಒಂದು ಮೇಲೆ, ಒಂದು ಕೆಳಗೆ ಹೋಗಿದೆ, ಆದರೆ ಓದಲು ಬರುತ್ತದೆ. ಹತ್ತೊಂಬತ್ತರ ಸಂಜೆಯ ಬಸ್ಸಿಗೆ ಬಾ.