ಮೈ ತುಂಬಿಕೊಂಡಿದ್ದಾನೆ

ಮನೆ, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ನಿನ್ನ ಕೆಮ್ಮು ನಿಂತಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ನಿಂತುಕೊಂಡೇ ಎರಡು ತುತ್ತು ನುಂಗಿ ಓಡುತ್ತೀಯೋ? ನನ್ನ ಮೊಣಕಾಲು ಇದ್ದ ಹಾಗೇ ಇದೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ನಾನು ಮೂರನೇ ಕ್ಲಾಸಿಗೆ ಬಿಟ್ಟವಳು.

ನಿನ್ನಪ್ಪ ಮೈ ತುಂಬಿಕೊಂಡಿದ್ದಾನೆ, ತೂಕ ಏರಿದೆ, ಗಾಬರಿಯಾಗಿ ಓಡಿ ಬರಬೇಡ ಎಂದು ಹೋದ ಸಲ ಬರೆದಿದ್ದೆನಲ್ಲ, ಅದನ್ನೇ ನಿನ್ನೆ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿಗೂ ಹೇಳಿದೆ. ಅಡುಗೆ ಮಾಡಿ ಹಾಕುವವಳು ನಾನೇ ಎಂಬ ಜಂಬ ಬೇರೆ. ಅವಳು ದರ್ಜಿಯ ಹಾಗೆ ಟೇಪು ಹಿಡಿದು ಅವನ ತೋಳು ಅಳೆದಳು. "ಅಂಗಿ ಹೊಲೀತೀಯೇನಮ್ಮಾ?" ಅಂದೆ. ನಗಲಿಲ್ಲ. "ಅಜ್ಜೀ, ಏರಿರೋದು ಹೊಟ್ಟೇಲಿ ತುಂಬಿರೋ ನೀರಿನ ತೂಕ. ಲಿವರ್ ಕೆಟ್ಟವರಿಗೆ ತೂಕದ ಮಿಷಿನ್ನು ಸುಳ್ಳು ಹೇಳುತ್ತೆ. ತೋಳು ನೋಡಿ, ಮಾಂಸವೇ ಇಲ್ಲ" ಅಂದಳು. ನೋಡಿದೆ. ದಿನಾ ಅಂಗಿ ತೊಡಿಸುವವಳು ನಾನೇ, ಆದರೂ ನೋಡಿದ್ದು ನಿನ್ನೆಯೇ.

ಆಮೇಲೆ ಹಿಡಿಕೆಯಂಥದ್ದೊಂದು ಕೊಟ್ಟು, ಬಲವಾಗಿ ಹಿಸುಕಿ ಅಂದಳು, ಕೈಯ ಕಸುವು ನೋಡುವುದಕ್ಕಂತೆ. ಬಡಗಿಯ ಕೈ, ಮರ ಕೊಯ್ದು ಜಡ್ಡುಗಟ್ಟಿದ ಕೈ ಅದು. ನೀನು ಚಿಕ್ಕವಳಿದ್ದಾಗ ನಿನ್ನ ಅಂಗೈ ಹಿಡಿದು ಅದುಮಿದರೆ "ಅಪ್ಪಾ ಬಿಡೂ, ಮೂಳೆ ಮುರೀತು" ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದೆ. ಅವನು ಮೀಸೆ ತಿರುವುತ್ತಿದ್ದ. ನಿನ್ನೆ ಹಲ್ಲು ಕಚ್ಚಿ ಹಿಸುಕಿದ. ಹಿಡಿಕೆಯ ಮೇಲಿನ ಮುಳ್ಳು ಒಂದಿಷ್ಟು ಅಲ್ಲಾಡಿ ಸುಮ್ಮನಾಯಿತು. "ಈ ಮಿಷಿನ್ನೂ ಕೆಟ್ಟಿದೆ ಕಣಮ್ಮಾ" ಅಂದ. ಹೌದಪ್ಪಾ ಅಂದೆ.

ಅಳು ಬರಲಿಲ್ಲ ಗುಬ್ಬೀ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಂಗಡಿಗಳ ಬೋರ್ಡು ಓದುತ್ತಾ ಬಂದೆ. ಮನೆಗೆ ಬಂದು ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಉಪ್ಪು ಕಡಿಮೆ, ಬೇಳೆ ಮೊಟ್ಟೆ ಧಾರಾಳ, ಮಲಗುವ ಮುಂಚೆ ಇನ್ನೊಮ್ಮೆ ಏನಾದರೂ ತಿನ್ನಿಸಬೇಕಂತೆ. ಇಲ್ಲವಾದರೆ ಬೆಳಗಾಗುವುದರೊಳಗೆ ಮೈಯೇ ಮೈಯನ್ನು ತಿನ್ನುತ್ತದಂತೆ. ತಿನ್ನಿಸುತ್ತಿದ್ದೇನೆ. ಸಪ್ಪೆ ಎಂದು ಮುಖ ಸಿಂಡರಿಸುತ್ತಾನೆ, ಥೇಟ್ ನಿನ್ನ ಹಾಗೆ.

ತಣ್ಣಗಿರು ಮಗಳೇ,
ನಿನ್ನ ಅಜ್ಜಿ

ಮರೆತಿದ್ದೆ: ಹೋದ ಪತ್ರದ ಮಾತು ಬಿಡು, ಈ ವಾರವೇ ಹೊರಟು ಬಾ. ಬಾಗಿಲಲ್ಲೇ ನಿನ್ನ ಕೈ ಹಿಡಿದು ಅದುಮುತ್ತಾನೆ. ನಿನಗೇನೂ ನೋಯುವುದಿಲ್ಲ. ಆದರೂ ಕಿರುಚು.